ನೀರಿನ ಸಾಲು: ಬಾಡುವ ಗಿಡಕ್ಕೆ ವಿಟಮಿನ್ ಕೊಡುವ ಮುನ್ನ

ಕೋಲಾರ ಜಿಲ್ಲೆಯ ಹಳ್ಳಿಯೊಂದರಲ್ಲಿ ಬೇಸಿಗೆಯ ಸಂಜೆ ರೈತರ ಮುಂದೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮಧ್ಯಾಹ್ನ ಇಲ್ಲಿಗೆ ಬರುವಾಗ ರಸ್ತೆ ಪಕ್ಕದ ಟೊಮೆಟೊ ತೋಟವೊಂದರಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಎರಡು ಗಂಟೆಯ ಬಿಸಿಲು. ಹನಿ ನೀರಾವರಿ ಇದೆ, ಬುಡ ಒದ್ದೆಯಾಗಿದೆ. ಆದರೂ ಎಲೆಗಳು ಅಂಚು ಮೇಲಕ್ಕೆ ಮಡಚಿಕೊಂಡು ದೋಣಿಯ ಹಾಗಾಗಿವೆ, ಕುಡಿ ಜೋತುಬಿದ್ದಿದೆ. ತೋಟದ ಯಜಮಾನರು ಬಂದು ಕೇಳಿದರು: "ಸಾರ್, ನಮಗೆ ಸುಸ್ತಾದ್ರೆ ಡಾಕ್ಟ್ರು ಬಿ ಕಾಂಪ್ಲೆಕ್ಸ್ ಬರ್ಕೊಡ್ತಾರೆ. ಈಗ ಗಿಡಕ್ಕೂ ವಿಟಮಿನ್ ಬಾಟಲಿ ಬಂದೈತಂತೆ. ಹೊಡೀಬೋದಾ?"

ನಾನು ಬೇರೆ ಏನೋ ಮಾತಾಡಲು ಸಿದ್ಧವಾಗಿ ಬಂದಿದ್ದೆ. ಈಗ ಅದನ್ನು ಬದಿಗಿಟ್ಟು ಅವರ ಪ್ರಶ್ನೆಗೇ ಉತ್ತರ ಹೇಳುತ್ತೇನೆ. ಅವರು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ.

ಮೊದಲು ಒಂದು ಬದನೆಕಾಯಿ. ಇದನ್ನು ಇಲ್ಲಿನ ಅಮ್ಮನೊಬ್ಬರ ಅಡುಗೆಮನೆಯಿಂದಲೇ ಕೇಳಿ ತಂದಿದ್ದು. ಮೂರು ಹೋಳು ಮಾಡುತ್ತೇನೆ. ಒಂದನ್ನು ಹಾಗೇ ತಟ್ಟೆಯ ಮೇಲೆ ಇಡುತ್ತೇನೆ. ಇನ್ನೊಂದನ್ನು ಬರೀ ನೀರಲ್ಲಿ ಅದ್ದಿ ತೆಗೆಯುತ್ತೇನೆ. ಮೂರನೆಯದನ್ನು, ಔಷಧಿ ಅಂಗಡಿಯಲ್ಲಿ ಸಿಗುವ ವಿಟಮಿನ್ ಸಿ ಮಾತ್ರೆ ಕರಗಿಸಿದ ನೀರಲ್ಲಿ ಅದ್ದುತ್ತೇನೆ. ಇವು ಇಲ್ಲೇ ಇರಲಿ, ಮಾತು ಮುಂದುವರಿಯಲಿ.

ಗಿಡಕ್ಕೆ ವಿಟಮಿನ್ ಬೇಕೇ? ಬೇಕು. ಆದರೆ ನಮ್ಮ ಹಾಗೆ ಅದು ಬೇರೆಯವರಿಂದ ತಿನ್ನಬೇಕಾಗಿಲ್ಲ. ನಾವು ವಿಟಮಿನ್ ಸಿ ತಯಾರಿಸಲಾರೆವು, ಆ ಶಕ್ತಿಯನ್ನು ನಮ್ಮ ಪೂರ್ವಿಕ ಜೀವಿಗಳು ಯಾವತ್ತೋ ಕಳೆದುಕೊಂಡವು. ಅದಕ್ಕೇ ನೆಲ್ಲಿಕಾಯಿ, ಸೀಬೆಹಣ್ಣು, ನುಗ್ಗೆಸೊಪ್ಪು ತಿನ್ನುತ್ತೇವೆ. ಗಿಡ ಹಾಗಲ್ಲ. ಸಿ, ಇ, ಬಿ1, ಬಿ2, ಬಿ6 ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತದೆ. ಆದರೆ ಬಿ12 ಅನ್ನು ಯಾವ ಗಿಡವೂ ಮಾಡುವುದಿಲ್ಲ, ಅದು ಬ್ಯಾಕ್ಟೀರಿಯಾಗಳ ಕೆಲಸ. ವಿಟಮಿನ್ ಸಿ ಅನ್ನು ಮೊದಲು ಶುದ್ಧ ರೂಪದಲ್ಲಿ ಬೇರ್ಪಡಿಸಿದ ಹಂಗೆರಿಯ ಆಲ್ಬರ್ಟ್ ಸೆಂಟ್-ಜಾರ್ಜಿ ಅವರಿಗೆ ಅದು ಕಿಲೋಗಟ್ಟಲೆ ಸಿಕ್ಕಿದ್ದು ಎಲ್ಲಿಂದ ಗೊತ್ತೇ? ಅವರು ಕೆಲಸ ಮಾಡುತ್ತಿದ್ದ ಊರು ಸೆಗೆಡ್‌ನ ಮೆಣಸಿನಕಾಯಿಯಿಂದ. ನಮ್ಮ ಬ್ಯಾಡಗಿ ಮೆಣಸಿನಕಾಯಿಯೂ ಅದೇ ಜಾತಿ. 1937ರಲ್ಲಿ ಅವರಿಗೆ ನೊಬೆಲ್ ಬಂತು. ಅಂದರೆ ನಾವು ಗಿಡಕ್ಕೆ ಕೊಡಲು ಹೊರಟಿರುವ ವಸ್ತು ಮನುಷ್ಯನ ಕೈಗೆ ಕಿಲೋಗಟ್ಟಲೆ ಬಂದದ್ದೇ ಗಿಡದಿಂದ.

ಹಾಗಾದರೆ ಗಿಡಕ್ಕೆ ಅದು ಯಾಕೆ ಬೇಕು? ನಿಮ್ಮ ಮನೆಯಲ್ಲಿ ರಾಗಿ ಬೀಸುವ ಕಲ್ಲು ಈಗ ಮೂಲೆ ಸೇರಿರಬಹುದು, ಆದರೆ ಬೀಸಿದ ಕೈಗಳು ಇಲ್ಲಿ ಬಹಳ ಇವೆ. ಕಾಳು ಹಾಕದೆ ಕಲ್ಲು ತಿರುಗಿಸಿದರೆ ಏನಾಗುತ್ತದೆ? ಕಲ್ಲಿಗೆ ಕಲ್ಲು ತಿಕ್ಕಿ ಎರಡೂ ಸವೆಯುತ್ತವೆ. ಎಲೆಯಲ್ಲೂ ಹಾಗೇ. ಬಿಸಿಲು ಎಲೆಯ ಕಲ್ಲನ್ನು ತಿರುಗಿಸುವ ಶಕ್ತಿ. ಗಾಳಿಯಿಂದ ಬರುವ ಇಂಗಾಲದ ಡೈ ಆಕ್ಸೈಡ್ ಅದರ ಕಾಳು. ನೀರಿಗೆ ಬರ ಬಂದಾಗ ಗಿಡ ಜಾಣತನದಿಂದ ಎಲೆಯ ಕೆಳಗಿನ ಪತ್ರರಂಧ್ರಗಳನ್ನು, ಅಂದರೆ ಗಾಳಿ ಆಡುವ ಸಣ್ಣ ಬಾಗಿಲುಗಳನ್ನು, ಮುಚ್ಚಿಕೊಳ್ಳುತ್ತದೆ, ಇರುವ ನೀರಾದರೂ ಉಳಿಯಲಿ ಅಂತ. ಬಾಗಿಲು ಮುಚ್ಚಿದರೆ ಕಾಳೂ ಒಳಗೆ ಬರುವುದಿಲ್ಲ. ಬಿಸಿಲು ಮಾತ್ರ ನಿಲ್ಲುವುದಿಲ್ಲ, ಕಲ್ಲು ತಿರುಗುತ್ತಲೇ ಇರುತ್ತದೆ. ಹೋಗಲು ದಾರಿಯಿಲ್ಲದ ಆ ಶಕ್ತಿ ಆಮ್ಲಜನಕದ ಮೇಲೆ ಬಿದ್ದು ಅದನ್ನು ಉರಿಯುವ ರೂಪಕ್ಕೆ ತಿರುಗಿಸುತ್ತದೆ. ಗಾಯಕ್ಕೆ ಹಾಕಿದರೆ ನೊರೆ ಬರುತ್ತದಲ್ಲ, ಹೈಡ್ರೋಜನ್ ಪೆರಾಕ್ಸೈಡ್, ಅದೇ ಎಲೆಯೊಳಗೆ ಹುಟ್ಟುತ್ತದೆ. ಅದು ಹಸಿರನ್ನು ಸುಡುತ್ತದೆ, ಜೀವಕೋಶದ ಪೊರೆಯನ್ನು ತೂತು ಮಾಡುತ್ತದೆ. ಉಪ್ಪು ನೀರಿನಲ್ಲಿ ಬೆಳೆದ ಗಿಡಕ್ಕೂ, ವಿಪರೀತ ಚಳಿಗೆ ಸಿಕ್ಕ ಗಿಡಕ್ಕೂ ಕೊನೆಗೆ ಆಗುವ ಏಟು ಬಹುಮಟ್ಟಿಗೆ ಇದೇ ಬಗೆಯದು.

ಆಗ ವಿಟಮಿನ್ ಸಿ ಕೆಲಸಕ್ಕೆ ಇಳಿಯುತ್ತದೆ. ಒಂದು ಕಿಣ್ವದ ಜೊತೆ ಸೇರಿ ಪೆರಾಕ್ಸೈಡನ್ನು ಬರೀ ನೀರಾಗಿ ಮಾಡುತ್ತದೆ. ಹಾಗೆ ಮಾಡುವಾಗ ತಾನು ಖರ್ಚಾಗುತ್ತದೆ. ಗಿಡ ಮತ್ತೆ ಅದನ್ನು ತುಂಬಿಕೊಳ್ಳುತ್ತದೆ, ಮತ್ತೆ ಖರ್ಚು ಮಾಡುತ್ತದೆ. ಹಗಲಿಡೀ ಈ ಚಕ್ರ ಓಡುತ್ತಿರುತ್ತದೆ. ಇದನ್ನು 1976ರಲ್ಲಿ ಫೋಯರ್ ಮತ್ತು ಹ್ಯಾಲಿವೆಲ್ ಎಂಬಿಬ್ಬರು ವಿವರಿಸಿದರು. ವಿಟಮಿನ್ ಇ ಪೊರೆಯ ಕೊಬ್ಬಿನೊಳಗೇ ಕೂತು ಅದನ್ನು ಕಾಯುತ್ತದೆ, ಅದು ಸೋತಾಗ ಸಿ ಅದನ್ನು ಮತ್ತೆ ಎಬ್ಬಿಸುತ್ತದೆ. ಬಿ6ಗೂ ಇಂಥದೇ ಉರಿ ಆರಿಸುವ ಗುಣವಿದೆ.

ಇದಕ್ಕೆ ಗಟ್ಟಿ ಸಾಕ್ಷಿ ಬೇಕೆಂದರೆ, 1996ರಲ್ಲಿ ಅಮೆರಿಕದ ವಿಜ್ಞಾನಿಗಳು ಸಾಸಿವೆ ಕುಟುಂಬದ ಒಂದು ಪುಟ್ಟ ಗಿಡದಲ್ಲಿ ತಳಿಯೊಂದನ್ನು ಗುರುತಿಸಿದರು. ಓಝೋನ್ ಅನಿಲ ತಾಗಿದರೆ ಅದರ ಎಲೆ ಬೇರೆ ಗಿಡಗಳಿಗಿಂತ ಬೇಗ ಸುಡುತ್ತಿತ್ತು. ಕಾರಣ ಹುಡುಕಿದರೆ, ಅದರಲ್ಲಿ ವಿಟಮಿನ್ ಸಿ ಇದ್ದಿದ್ದು ಮಾಮೂಲಿ ಗಿಡದಲ್ಲಿರುವುದರ ಶೇ 30ರಷ್ಟು ಮಾತ್ರ. ವಿಟಮಿನ್ ಕಡಿಮೆಯಾದರೆ ಗಿಡ ಸೋಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಇಲ್ಲೊಂದು ಜಾರು ಮೆಟ್ಟಿಲಿದೆ, ದಯವಿಟ್ಟು ಗಮನವಿಟ್ಟು ಕೇಳಿ. "ಕಡಿಮೆಯಾದರೆ ಸೋಲುತ್ತದೆ" ಎಂಬುದು ಒಂದು ಮಾತು. "ಮೇಲಿಂದ ಸುರಿದರೆ ಗೆಲ್ಲುತ್ತದೆ" ಎಂಬುದು ಬೇರೆಯೇ ಮಾತು. ಅಂಗಡಿಯ ಬಾಟಲಿ ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಮಾರುತ್ತದೆ.

ಇದೇನು ಹೊಸ ಕಥೆಯಲ್ಲ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೇಮ್ಸ್ ಬಾನರ್ ಎಂಬ ವಿಜ್ಞಾನಿ ಬಟಾಣಿಯ ಬೇರಿನ ತುದಿಯನ್ನು ಕತ್ತರಿಸಿ ಗಾಜಿನ ಪಾತ್ರೆಯಲ್ಲಿ ಬೆಳೆಸುತ್ತಿದ್ದರು. ಬೇರು ಸ್ವಲ್ಪ ದಿನ ಬೆಳೆದು ನಿಂತುಬಿಡುತ್ತಿತ್ತು. ಒಂದಿಷ್ಟು ಬಿ1 ಹಾಕಿದರೆ ಮತ್ತೆ ಬೆಳೆಯುತ್ತಿತ್ತು. ಪ್ರಯೋಗ ನಿಜ, ಫಲಿತಾಂಶವೂ ನಿಜ. ಸುದ್ದಿ ತೋಟಗಾರಿಕೆಯ ಪತ್ರಿಕೆಗಳಿಗೆ ಹೋಯಿತು. ಬಿ1 ಹಾಕಿದರೆ ಗುಲಾಬಿ ತಟ್ಟೆಯಗಲ ಬಿಡುತ್ತದಂತೆ ಎಂದು ದೇಶವೆಲ್ಲ ಮಾತು. ಮನೆಮನೆಯ ಹೂದೋಟಕ್ಕೂ ಬಿ1 ಮಾತ್ರೆ ಬಂತು. ಆಮೇಲೆ ಮಣ್ಣಲ್ಲಿ ಬೆಳೆದ ಇಡೀ ಗಿಡಗಳ ಮೇಲೆ ಸಾವಧಾನವಾಗಿ ಪರೀಕ್ಷೆ ಮಾಡಿದಾಗ ಏನೂ ಲಾಭ ಕಾಣಲಿಲ್ಲ. ಕಾರಣ ಸರಳ: ಗಾಜಿನ ಪಾತ್ರೆಯ ಬೇರಿಗೆ ಎಲೆ ಇರಲಿಲ್ಲ. ಇಡೀ ಗಿಡದಲ್ಲಿ ಎಲೆಯೇ ಬಿ1 ಮಾಡಿ ಬೇರಿಗೆ ಕಳಿಸುತ್ತದೆ.

ಆ ತಿಳಿವಳಿಕೆ ವ್ಯರ್ಥವಾಗಲಿಲ್ಲ ಅನ್ನುವುದನ್ನೂ ಹೇಳಬೇಕು. ನಿಮ್ಮಲ್ಲಿ ಅಂಗಾಂಶ ಕೃಷಿಯ ಬಾಳೆ ಸಸಿ ತಂದವರು ಕೈ ಎತ್ತಿ. ನೋಡಿ, ಇಷ್ಟು ಜನ. ಆ ಸಸಿ ಮೊದಲು ಬಾಟಲಿಯಲ್ಲಿ ಬೆಳೆಯುವಾಗ ಅದಕ್ಕೆ ಸಾಮಾನ್ಯವಾಗಿ ಕೊಡುವ ಆಹಾರವನ್ನು 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಗೊತ್ತುಮಾಡಿದರು. ಅದರಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಬಿ1 ಇದೆ, ಬಿ6 ಇದೆ. ತಾನೇ ಅಡುಗೆ ಮಾಡಿಕೊಳ್ಳಲಾಗದ ಕೂಸಿಗೆ ವಿಟಮಿನ್ ಬೇಕೇ ಬೇಕು. ಹೊಲದಲ್ಲಿ ನಿಂತ ಗಿಡದ ಲೆಕ್ಕ ಬೇರೆ.

ಲೆಕ್ಕ ಅಂದೆನಲ್ಲ, ಒಂದು ಲೆಕ್ಕ ಮಾಡೋಣ. ಒಂದು ಕೆ.ಜಿ. ಹಸಿ ಸೊಪ್ಪಿನಲ್ಲಿ ಕೆಲವು ನೂರು ಮಿಲಿಗ್ರಾಂ ವಿಟಮಿನ್ ಸಿ ಮೊದಲೇ ಇರುತ್ತದೆ. ನುಗ್ಗೆಸೊಪ್ಪಿನಲ್ಲಿ ಇನ್ನೂ ಹೆಚ್ಚು. ನೀವು 100 ಪಿಪಿಎಂ ದ್ರಾವಣ ಹೊಡೆದರೆ ಒಂದು ಲೀಟರಿನಲ್ಲಿ ಇರುವುದು 100 ಮಿಲಿಗ್ರಾಂ. ಅದರಲ್ಲಿ ಒಂದಿಷ್ಟು ನೆಲಕ್ಕೆ ಬೀಳುತ್ತದೆ. ಎಲೆಯ ಮೇಲೆ ಮೇಣದ ಪದರ ಇದೆ, ನೀರಲ್ಲಿ ಕರಗುವ ವಸ್ತುವನ್ನು ಅದು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಒಳಗೆ ಹೋಗುವುದು ಚಿಟಿಕೆ. ತುಂಬಿದ ಕಣಜಕ್ಕೆ ಒಂದು ಬೊಗಸೆ ಸೇರಿಸಿದ ಹಾಗೆ.

ಹಾಗಿದ್ದರೂ ಬರದಲ್ಲಿ, ಉಪ್ಪಿನಲ್ಲಿ ಬೆಳೆದ ಗೋಧಿ, ಭತ್ತ, ಟೊಮೆಟೊ ಇಂಥವುಗಳ ಮೇಲೆ ಮಾಡಿದ ಎಷ್ಟೋ ಪ್ರಯೋಗಗಳಲ್ಲಿ ಗುಣ ಕಂಡಿದೆ. ಅದೂ ಸುಳ್ಳಲ್ಲ. 2005ರಲ್ಲಿ ದಕ್ಷಿಣ ಕೊರಿಯಾದ ವಿಜ್ಞಾನಿಗಳು ಭತ್ತ ಮತ್ತು ತರಕಾರಿ ಗಿಡಗಳಿಗೆ ಬಿ1 ಕೊಟ್ಟು ನೋಡಿದರು. ರೋಗ ಬಂದಾಗ ಆ ಗಿಡಗಳು ಬೇಗ ಎಚ್ಚೆತ್ತು ಎದುರಿಸಿದವು. ಇಲ್ಲಿ ವಿಟಮಿನ್ ಆಹಾರವಾಗಿ ಕೆಲಸ ಮಾಡಲಿಲ್ಲ, ಕೂಗಿ ಎಚ್ಚರಿಸುವ ಕಾವಲುಗಾರನ ಹಾಗೆ ಕೆಲಸ ಮಾಡಿತು. "ಏನೋ ಬರುತ್ತಿದೆ, ತಯಾರಾಗು" ಅಂತ. ನನಗೆ ನಂಬಿಕೆ ಬರುವ ವಿವರಣೆ ಇದು. ಆದ್ದರಿಂದಲೇ ಕಷ್ಟ ಬರುವ ಮುಂಚೆ ಕೊಟ್ಟರೆ ಪ್ರಯೋಜನವಾದೀತು. ಒಣಗಿ ಕಡ್ಡಿಯಾದ ಮೇಲೆ ಕೂಗಿ ಏನು ಫಲ?

ಈಗ ನನ್ನ ಕಥೆ ಒಂದು ಹೇಳಬೇಕು. ನಾನು ವಿದ್ಯಾರ್ಥಿಯಾಗಿದ್ದಾಗ ರಾಗಿ ಬೀಜವನ್ನು ವಿಟಮಿನ್ ಸಿ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ತಟ್ಟೆಯಲ್ಲಿ ಬಿತ್ತಿದೆ. ಪಕ್ಕದ ತಟ್ಟೆಯಲ್ಲಿ ಮಾಮೂಲಿ ಒಣ ಬೀಜ. ನೆನೆಸಿದ ಬೀಜ ಮೊದಲು ಮೊಳೆಯಿತು, ಒಂದೇ ಸಮ ಬಂತು, ನೀರು ತಡೆದಾಗಲೂ ಹೆಚ್ಚು ದಿನ ನಿಂತಿತು. ನಾನು ಸಂಭ್ರಮದಿಂದ ಮೇಷ್ಟ್ರನ್ನು ಕರೆದುಕೊಂಡು ಬಂದು ತೋರಿಸಿದೆ. ಅವರು ಎರಡೂ ತಟ್ಟೆಗಳನ್ನು ಎತ್ತಿ ನೋಡಿ, ಕೆಳಗಿಟ್ಟು, ಒಂದೇ ಮಾತು ಕೇಳಿದರು: "ಬರೀ ನೀರಲ್ಲಿ ನೆನೆಸಿದ್ದು ಎಲ್ಲಪ್ಪಾ?"

ನನ್ನ ಹತ್ತಿರ ಅದು ಇರಲಿಲ್ಲ. ಮತ್ತೆ ಮೊದಲಿಂದ ಮಾಡಿದೆ, ಈ ಸಲ ಮೂರು ತಟ್ಟೆ. ಒಣ ಬೀಜಕ್ಕಿಂತ ಬರೀ ನೀರಲ್ಲಿ ನೆನೆದ ಬೀಜ ಎಷ್ಟೋ ಮುಂದಿತ್ತು. ವಿಟಮಿನ್ ಬೀಜ ಅದರ ಪಕ್ಕದಲ್ಲೇ ಇತ್ತು, ಹೆಚ್ಚುಕಡಿಮೆ ಹೆಗಲಿಗೆ ಹೆಗಲು. ಉಪ್ಪು ನೀರು ಹಾಕಿ ಬೆಳೆಸಿದಾಗ ಮಾತ್ರ ವಿಟಮಿನ್ ಬೀಜ ಕಣ್ಣಿಗೆ ಕಾಣುವಷ್ಟು ಮೇಲಿತ್ತು. ನಾನು ವಿಟಮಿನ್ನಿನ ಗುಣ ಅಂದುಕೊಂಡಿದ್ದರಲ್ಲಿ ಬಹುಪಾಲು ನೀರಿನ ಗುಣ. ಅವತ್ತಿನಿಂದ ಇವತ್ತಿನವರೆಗೆ ಯಾವ ಪ್ರಯೋಗ ಮಾಡಿದರೂ ಒಂದು ಸಾಲು ನೀರಿಗೆ ಮೀಸಲಿಡುತ್ತೇನೆ. ಆ ಪ್ರಶ್ನೆ ಕೇಳಿದ ಮೇಷ್ಟ್ರನ್ನು ನೆನೆಯದ ದಿನವಿಲ್ಲ.

ನೀರಿನ ಗುಣ ಅಂದೆ. ಇದು ನಿಮಗೆ ದುಡ್ಡಿಲ್ಲದೆ ಸಿಗುವಂಥದ್ದು, ಅದಕ್ಕೇ ಇದನ್ನು ಯಾರೂ ಬಾಟಲಿ ಮಾಡಿ ಮಾರುವುದಿಲ್ಲ. ರಾಗಿ ಬೀಜ ಹದಗೊಳಿಸುವ ಕ್ರಮ ಹೀಗೆ: ಒಂದು ಕೆ.ಜಿ. ಬೀಜಕ್ಕೆ ಒಂದು ಲೀಟರ್ ನೀರು, 6 ಗಂಟೆ ನೆನೆಸಿ. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಎರಡು ದಿನ ಇಡಿ. ಮೊಳಕೆ ಇಣುಕುವ ಲಕ್ಷಣ ಕಂಡ ಕೂಡಲೇ ತೆಗೆದು, ಒಣ ಬಟ್ಟೆಯ ಮೇಲೆ ಹರವಿ ನೆರಳಲ್ಲಿ ಎರಡು ದಿನ ಒಣಗಿಸಿ, ಬಿತ್ತಿ. ಬೀಜ ಒಂದು ಸಲ ಒಣಗುವ ಕಷ್ಟವನ್ನು ಕಂಡು ಬಂದಿರುತ್ತದೆ. ಮಳೆ ಕೈಕೊಟ್ಟರೆ ಅದಕ್ಕೆ ಆ ಪಾಠ ನೆನಪಿರುತ್ತದೆ ಅನ್ನಿ. ವಿಟಮಿನ್ ಸಿ ಪ್ರಯೋಗ ಮಾಡಬೇಕೆಂದರೆ ಇದೇ ಒಂದು ಲೀಟರ್ ನೀರಿಗೆ 100 ಮಿಲಿಗ್ರಾಂ ಸೇರಿಸಿ, ಬೇರೆ ಪಾತ್ರೆಯಲ್ಲಿ, ಸ್ವಲ್ಪ ಬೀಜಕ್ಕೆ. ಕಡಲೆಕಾಯಿ, ಸೋಯಾ ಬೀಜಗಳನ್ನು ಮಾತ್ರ ಹೀಗೆ ಮುಳುಗಿಸಿ ನೆನೆಸಬೇಡಿ. ಅವು ದಿಢೀರನೆ ನೀರು ಕುಡಿದು ಸಿಪ್ಪೆ ಸುಲಿದು, ಬೇಳೆ ಸೀಳಿ ಹಾಳಾಗುತ್ತವೆ.

ಬದನೆಕಾಯಿ ಏನಾಯಿತು ನೋಡೋಣ. ತಾಯಿ, ನೀವೇ ಬಂದು ಹೇಳಿ. ಹಾಗೇ ಇಟ್ಟ ಹೋಳು ಕಂದಾಗಿದೆ. ನೀರಲ್ಲಿ ಅದ್ದಿದ್ದು? "ಅಷ್ಟಿಲ್ಲ, ಆದ್ರೂ ಕಪ್ಪಿಟ್ಟೈತೆ." ಮಾತ್ರೆ ನೀರಿನದು? "ಬೆಳ್ಳಗೈತೆ." ಇದು ಎಲೆಯೊಳಗೆ ನಡೆಯುವುದಕ್ಕೆ ಪೂರ್ತಿ ಸಮ ಅಲ್ಲ. ಕೊಯ್ದ ಕಾಯಿ ಬೇರೆ, ಬದುಕಿರುವ ಎಲೆ ಬೇರೆ. ಆದರೆ ಆಮ್ಲಜನಕದ ಏಟನ್ನು ವಿಟಮಿನ್ ಸಿ ತಾನು ತಿನ್ನುತ್ತದೆ ಅನ್ನುವುದು ಕಣ್ಣಾರೆ ಕಂಡಿತಲ್ಲ. ನೀರಿನ ಹೋಳು ಇಲ್ಲದಿದ್ದರೆ ವಿಟಮಿನ್ ಎಷ್ಟು ಮಾಡಿತು, ನೀರು ಎಷ್ಟು ಮಾಡಿತು ಅಂತ ಹೇಳಲಾಗುತ್ತಿರಲಿಲ್ಲ.

ಇನ್ನೊಂದನ್ನೂ ತೋರಿಸುತ್ತೇನೆ. ನಿನ್ನೆ ರಾತ್ರಿ ಒಂದು ಮಾತ್ರೆಯ ನೀರನ್ನು ತಾಮ್ರದ ಚೊಂಬಿನಲ್ಲಿ ಇಟ್ಟಿದ್ದೆ. ಈ ಗಾಜಿನ ಲೋಟದಲ್ಲಿರುವುದು ಈಗ ತಾನೇ ಕರಗಿಸಿದ್ದು. ಎರಡಕ್ಕೂ ಗಾಯಕ್ಕೆ ಹಚ್ಚುವ ಅಯೋಡಿನ್ ಹನಿ ಹನಿಯಾಗಿ ಬಿಡುತ್ತೇನೆ. ವಿಟಮಿನ್ ಸಿ ಇದ್ದರೆ ಕಂದು ಬಣ್ಣ ಮಾಯವಾಗಬೇಕು. ಹೊಸ ನೀರು ನೋಡಿ, ಹನಿ ಮೇಲೆ ಹನಿ ನುಂಗುತ್ತಿದೆ. ಚೊಂಬಿನ ನೀರಿನಲ್ಲಿ ಬಣ್ಣ ಬೇಗನೇ ನಿಂತುಬಿಟ್ಟಿತು. ರಾತ್ರಿಯೊಳಗೆ ತಾಮ್ರದ ಸಂಗಡ ವಿಟಮಿನ್ ಸತ್ತುಹೋಗಿದೆ. ಇದರ ಅರ್ಥ ಏನು? ಬೋರ್ಡೋ ದ್ರಾವಣ, ತಾಮ್ರದ ಆಕ್ಸಿಕ್ಲೋರೈಡ್ ಇಂಥ ತಾಮ್ರವಿರುವ ರೋಗನಾಶಕಗಳ ಜೊತೆ ವಿಟಮಿನ್ ಬೆರೆಸಿ ಹೊಡೆದರೆ ದುಡ್ಡು ನೀರಿಗೆ ಹಾಕಿದಂತೆ. ಕಬ್ಬಿಣದ ಅಂಶ ಹೆಚ್ಚಿರುವ ನೀರಿನಲ್ಲೂ ಅದು ಕೆಡುತ್ತದೆ, ಅಷ್ಟೇ ಅಲ್ಲ, ಕಬ್ಬಿಣದ ಜೊತೆ ಸೇರಿ ಉರಿಯನ್ನು ಹೆಚ್ಚಿಸಲೂಬಹುದು. ಸಾವಿರ ಅಡಿಯ ಬೋರ್‌ವೆಲ್‌ನಿಂದ ಬರುವ ನಮ್ಮ ಗಡಸು ನೀರು ಬಹಳ ಕಡೆ ಕ್ಷಾರ, ಬಿ1 ಕ್ಷಾರದಲ್ಲಿ ಕೆಡುತ್ತದೆ. ಬಿ2 ಬೆಳಕಿಗೆ ಹಾಳಾಗುತ್ತದೆ. ಆದ್ದರಿಂದ ಹೊಡೆಯುವುದಾದರೆ ಹೊಡೆಯುವ ಹೊತ್ತಿಗೇ ಕರಗಿಸಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಸಾಧ್ಯವಾದರೆ ಹಿಡಿದಿಟ್ಟ ಮಳೆನೀರಿನಲ್ಲಿ, ಬಿಸಿಲಿಳಿದ ಮೇಲೆ.

ಪ್ರಮಾಣ ಕೇಳುತ್ತೀರಿ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವುದು 100, 200 ಪಿಪಿಎಂ ಆಸುಪಾಸು. 100 ಅಂದರೆ 10 ಲೀಟರಿಗೆ ಒಂದು ಗ್ರಾಂ, ನಿಮ್ಮ 16 ಲೀಟರಿನ ಸ್ಪ್ರೇಯರಿಗೆ ಒಂದೂವರೆ ಗ್ರಾಂಗಿಂತ ತುಸು ಹೆಚ್ಚು. ಹೆಚ್ಚು ಹಾಕಿದರೆ ಹೆಚ್ಚು ಗುಣ ಅಂದುಕೊಳ್ಳಬೇಡಿ. ಅದು ಹುಳಿ, ಎಳೆ ಎಲೆ ಸುಡುತ್ತದೆ.

ದುಡ್ಡು ಕೊಡಲು ಮನಸ್ಸಿಲ್ಲದವರಿಗೆ ಹಿತ್ತಲಲ್ಲೇ ನುಗ್ಗೆಮರ ಇದೆ. ಪಾಕಿಸ್ತಾನದ ಫೈಸಲಾಬಾದಿನ ಕೃಷಿ ವಿಶ್ವವಿದ್ಯಾಲಯದವರು ನುಗ್ಗೆ ಎಲೆಯ ರಸಕ್ಕೆ 30 ಪಟ್ಟು ನೀರು ಬೆರೆಸಿ ಬೀಜ ನೆನೆಸುವುದು, ಗಿಡಕ್ಕೆ ಸಿಂಪಡಿಸುವುದು ಎರಡನ್ನೂ ಬಹಳ ಪರೀಕ್ಷೆ ಮಾಡಿದ್ದಾರೆ. ಅದರಲ್ಲಿ ವಿಟಮಿನ್ ಸಿ ಜೊತೆಗೆ ಗಿಡದ ಬೆಳವಣಿಗೆಯ ಹಾರ್ಮೋನೂ ಇದೆ. ಅವತ್ತೇ ಅರೆದು, ಅವತ್ತೇ ಸೋಸಿ, ಅವತ್ತೇ ಬಳಸಬೇಕು.

ಬಾಟಲಿಗಳ ಬಗ್ಗೆ ಒಂದು ಮಾತು. 2021ರಲ್ಲಿ ಕೇಂದ್ರ ಸರ್ಕಾರ ಜೈವಿಕ ಉತ್ತೇಜಕಗಳನ್ನು, ಅಂದರೆ ಗಿಡದ ಬೆಳವಣಿಗೆಗೆ ಚುರುಕು ಕೊಡುವ ವಸ್ತುಗಳನ್ನು, ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಿತು. ಅದರಲ್ಲಿ ವಿಟಮಿನ್ನುಗಳು ಒಂದು ಪ್ರತ್ಯೇಕ ಗುಂಪು. ಅಂದರೆ ಕೇಳುವ ಹಕ್ಕು ನಿಮಗಿದೆ. ಯಾವ ವಿಟಮಿನ್, ಎಷ್ಟು, ಯಾವ ಬೆಳೆಗೆ, ಚೀಟಿಯ ಮೇಲೆ ಬರೆದಿದೆಯೇ ನೋಡಿ. "ಗಿಡಕ್ಕೆ ಟಾನಿಕ್" ಅಂತ ಮಾತ್ರ ಬರೆದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಕೊಂಡರೆ ರಸೀದಿ ತೆಗೆದುಕೊಳ್ಳಿ. ಸಾಲ ಮಾಡಿ ಟೊಮೆಟೊ ಇಟ್ಟವರ ಕೈಯಿಂದ ಆಸೆ ತೋರಿಸಿ ದುಡ್ಡು ಕೀಳುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮತ್ತೆ, ಗಿಡ ತನ್ನ ರಕ್ಷಣೆಯ ಕೆಲಸ ಮಾಡಿಕೊಳ್ಳಲು ಬೇಕಾದ ಸಾಮಾನು ಮಣ್ಣಲ್ಲಿ ಇರಬೇಕು. ಆ ಉರಿ ಆರಿಸುವ ಕಿಣ್ವಗಳಲ್ಲಿ ಸತು, ತಾಮ್ರ, ಮ್ಯಾಂಗನೀಸ್, ಕಬ್ಬಿಣ ಬೇಕು. 2009ರಲ್ಲಿ ಶುರುವಾದ ರಾಜ್ಯ ಸರ್ಕಾರದ ಭೂಚೇತನ ಯೋಜನೆಯಲ್ಲಿ, ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಸೇರಿ ರಾಜ್ಯದ ಮಣ್ಣನ್ನು ಪರೀಕ್ಷಿಸಿದಾಗ ಎಲ್ಲೆಲ್ಲೂ ಕಂಡದ್ದು ಸತು, ಬೋರಾನ್, ಗಂಧಕದ ಕೊರತೆ. ಸತುವಿಲ್ಲದ ಹೊಲಕ್ಕೆ ವಿಟಮಿನ್ ಹೊಡೆಯುವುದು ಸೌದೆಯಿಲ್ಲದ ಒಲೆಗೆ ಊದುವುದು. ತುಂಗಭದ್ರಾ ಅಚ್ಚುಕಟ್ಟಿನ ಸವಳು ಭೂಮಿಯಲ್ಲೂ ಹಾಗೇ, ಮೊದಲು ಬಸಿಗಾಲುವೆ ತೋಡಿ ಉಪ್ಪು ತೊಳೆಯಬೇಕು, ವಿಟಮಿನ್ ಆಮೇಲಿನ ಮಾತು.

ಎರಡನೇ ಸಾಲಿನ ಯಜಮಾನರಿಗೆ ಈಗ ನೇರ ಉತ್ತರ. ಅಣ್ಣಾ, ನಿಮ್ಮ ಗಿಡ ಮಧ್ಯಾಹ್ನ ಮಡಚಿಕೊಳ್ಳುವುದು ಬಿಸಿಲಿನಿಂದ ತಪ್ಪಿಸಿಕೊಳ್ಳುವ ಅದರ ಉಪಾಯ. ಸಂಜೆ ಆರಕ್ಕೆ ಹೋಗಿ ನೋಡಿ, ಎದ್ದು ನಿಂತಿದ್ದರೆ ಹೆದರಬೇಡಿ. ಬುಡಕ್ಕೆ ಹುಲ್ಲು, ಒಣ ಎಲೆ ಹೊದಿಸಿ. ಬೆಳಗಿನ ಜಾವ ನೀರು ಬಿಡಿ. ಸಂಜೆಯೂ ಏಳದಿದ್ದರೆ ಬೇರು ನೋಡಬೇಕು, ಗಂಟು ಹುಳು ಇರಬಹುದು, ಸೊರಗು ರೋಗ ಇರಬಹುದು. ಅದಕ್ಕೆ ಯಾವ ವಿಟಮಿನ್ನೂ ಮದ್ದಲ್ಲ. ಆದರೂ ಮಾಡಿ ನೋಡುವ ಆಸೆಯಿದ್ದರೆ, ಮುಂದಿನ ಬಿಸಿ ವಾರ ಬರುವ ಮುಂಚೆ, ಮೂರು ಸಾಲಿಗೆ ಮೂರು ಕೋಲು ನೆಡಿ.

ಕೊನೆಗೆ ಒಬ್ಬ ಹುಡುಗ ಕೇಳಿದ: "ಸಾರ್, ಮೂರು ಸಾಲು ಅಂದ್ರೆ ಹೆಂಗೆ ಗುರ್ತು ಇಟ್ಕೊಳ್ಳೋದು? ಕುಯ್ಲಿನ ಹೊತ್ತಿಗೆ ಮರೆತೋಗುತ್ತೆ." ಹೇಳಿದೆ: ಏನೂ ಹೊಡೆಯದ ಸಾಲಿಗೆ ಬರೀ ಕೋಲು. ಬರೀ ನೀರು ಹೊಡೆದ ಸಾಲಿಗೆ ಬಿಳಿ ಬಟ್ಟೆ. ವಿಟಮಿನ್ ಸಾಲಿಗೆ ಕೆಂಪು ಬಟ್ಟೆ. ಮೂರೂ ತೋಟದ ನಡುವೆ ಇರಲಿ, ಬದುವಿನ ಪಕ್ಕ ಬೇಡ, ಅಲ್ಲಿ ಗಾಳಿ ಬೇರೆ ನೆರಳು ಬೇರೆ. ಕಾಯಿ ಕಿತ್ತಾಗಲೆಲ್ಲ ಮೂರನ್ನೂ ಬೇರೆ ಬೇರೆ ಕ್ರೇಟಿಗೆ ಹಾಕಿ ತೂಗಿ, ನಿನ್ನ ನೋಟ್‌ಬುಕ್ಕಿನಲ್ಲಿ ಬರೆದಿಡು. ಬಿಳಿ ಬಟ್ಟೆಯ ಸಾಲಿಗೂ ಕೆಂಪು ಬಟ್ಟೆಯ ಸಾಲಿಗೂ ತೂಕ ಒಂದೇ ಬಂದರೆ, ಆ ಪುಟವನ್ನು ತೆಗೆದುಕೊಂಡು ಹೋಗಿ ನಿಮ್ಮಪ್ಪನಿಗೆ ತೋರಿಸು.